ಬಾಯಲ್ಲಿ ಟ್ಯೂಬ್ ಇರುವವರ ನೋವನ್ನು ಗುರುತಿಸುವುದು ಹೇಗೆ?

ಐಸಿಯುನಲ್ಲಿ ಬಾಯಿಂದ ಉಸಿರಾಟದ ಟ್ಯೂಬ್ ಹಾಕಿಸಿಕೊಂಡವರು ಮಾತಾಡಲಾರರು, ನಿಜ. ಹಾಗೆಂದು ಅವರನ್ನು ಕೇಳುವುದೇ ಬೇಡ ಎಂದಲ್ಲ. ನೋವು ಉಣ್ಣುತ್ತಿರುವವರೇ ಹೇಳುವುದಕ್ಕಿಂತ ನಂಬಲರ್ಹ ಅಳತೆ ಬೇರೊಂದಿಲ್ಲ. ಆದ್ದರಿಂದ ನೋವಿಗೆ ಅಂಕ ಹಾಕುವ ಸ್ಕೋರ್ ಹಾಳೆ ತೆಗೆಯುವ ಮುಂಚೆ ಎರಡು ನಿಮಿಷ ಕೇಳುವುದಕ್ಕೆ ಮೀಸಲಿಡಿ.

ಕನ್ನಡಕ ಹಾಕಿ, ಕಿವಿಯ ಮೆಷಿನ್ ಇದ್ದರೆ ಅದನ್ನೂ ಹಾಕಿ. ಬಗ್ಗಿ, ನಿಮ್ಮ ಮುಖ ಅವರಿಗೆ ಕಾಣುವ ಹಾಗೆ ನಿಂತು, ಅವರ ಮನೆಮಾತಿನಲ್ಲೇ ಕೇಳಿ. ಬೆಂಗಳೂರಿನ ಐಸಿಯುನಲ್ಲಿ ಒಂದು ಹಾಸಿಗೆಯವರದು ಕನ್ನಡ, ಪಕ್ಕದವರದು ತೆಲುಗು, ಆಚೆಯವರದು ತಮಿಳೋ ಉರ್ದುವೋ ಆಗಿರುತ್ತದೆ. ನೋಡಿಕೊಳ್ಳುವ ಸಿಸ್ಟರ್ ಕೇರಳದವರಿರಬಹುದು. ‘ನೋವಾಗ್ತಿದೆಯಾ?’, ‘ನೊಪ್ಪಿಗಾ ಉಂದಾ?’, ‘ವಲಿಕ್ಕುದಾ?’, ‘ದರ್ದ್ ಹೋ ರಹಾ ಹೈ ಕ್ಯಾ?’ — ಈ ನಾಲ್ಕು ಸಾಲನ್ನು ಸಿಬ್ಬಂದಿಗೆ ಓದಲು ಬರುವ ಲಿಪಿಯಲ್ಲಿ ಬರೆದು ತಲೆದೆಸೆಗೆ ಅಂಟಿಸಿಟ್ಟರೆ ಸಾಕು. ‘ನೋವಾ?’ ಎಂದರೆ ಇಲ್ಲವೆಂದವರು ‘ಉರಿಯಾ?’, ‘ಸೆಳೆತಾನಾ?’, ‘ಚುಚ್ಚಿದ ಹಾಗಾ?’ ಎಂದು ಬಿಡಿಸಿ ಕೇಳಿದಾಗ ಹೌದು ಎನ್ನುವುದುಂಟು. ‘ಸಂಕಟ’ಕ್ಕೆ ಹೌದು ಎಂದರೆ ಅಲ್ಲಿಗೇ ನಿಲ್ಲಿಸಬೇಡಿ. ಅದು ವಾಕರಿಕೆಯೂ ಆಗಿರಬಹುದು, ಉಸಿರು ಸಾಲದಿರುವುದೂ ಆಗಿರಬಹುದು.

ಉತ್ತರ ಹೇಗೆ ಕೊಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ತಲೆ ಆಡಿಸುವುದನ್ನು ನಂಬಬೇಡಿ. ನಮ್ಮಲ್ಲಿ ತಲೆಯನ್ನು ಅತ್ತಿತ್ತ ಓಲಾಡಿಸಿದರೆ ಹೌದೆಂದೇ ಅರ್ಥ, ಟ್ಯೂಬ್ ಕಟ್ಟಿದ ತಲೆಯಲ್ಲಿ ಅದು ‘ಇಲ್ಲ’ದಂತೆ ಕಾಣುತ್ತದೆ. ಸುಮ್ಮನೆ ರೆಪ್ಪೆ ಬಡಿಯುವುದು ತಾನಾಗಿಯೇ ಆಗುತ್ತದೆ, ಬೆರಳು ಕೊಟ್ಟರೆ ಹಿಡಿದುಕೊಳ್ಳುವುದು ಬರೀ ರಿಫ್ಲೆಕ್ಸ್ ಆಗಿರಬಹುದು. ‘ಹೌದಾದರೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಇಲ್ಲವಾದರೆ ಮೇಲಕ್ಕೆ ನೋಡಿ’ ಎನ್ನಿ. ಸ್ವಲ್ಪ ಹೊತ್ತು ಬಿಟ್ಟು ‘ಈಗ ಆರಾಮಾಗಿದೀರಾ?’ ಎಂದು ತಿರುಗಿಸಿ ಕೇಳಿ, ಎರಡು ಉತ್ತರವೂ ತಾಳೆಯಾದರೆ ಬರೆದುಕೊಳ್ಳಿ. ಎಷ್ಟಿದೆ ಎಂದು ತಿಳಿಯಲು 0ಯಿಂದ 10ರವರೆಗೆ ದಪ್ಪಕ್ಷರದಲ್ಲಿ ಅಚ್ಚು ಮಾಡಿದ ಪಟ್ಟಿ ತೋರಿಸಿ. ಹತ್ತರ ಲೆಕ್ಕ ಹಿಡಿಸದ ಹಿರಿಯರಿಗೆ ‘ನಾಲ್ಕಾಣೆಯಷ್ಟಾ, ಎಂಟಾಣೆಯಷ್ಟಾ, ರೂಪಾಯಿ ಪೂರ್ತಿನಾ?’ ಎಂದು ಕೇಳಿ ನೋಡಿ. ಆ ಅಳತೆ ಅವರ ನಾಲಿಗೆಯ ಮೇಲೇ ಇರುತ್ತದೆ.

ಕೈಕಾಲು ಆಡದವರೆಲ್ಲ ಪ್ರಜ್ಞೆ ಇಲ್ಲದವರಲ್ಲ. ನರಗಳು ಸೋತು ಕೈಕಾಲು ಬಲ ಕಳೆದುಕೊಳ್ಳುವ ಗೀಯಾನ್-ಬಾರೆ ಕಾಯಿಲೆ ಬಂದವರು, ಕಟ್ಟುಹಾವು ಕಚ್ಚಿ ಜಿಲ್ಲೆಯಿಂದ ಬೆಂಗಳೂರಿಗೆ ಬಂದವರು ರೆಪ್ಪೆ ಕೂಡ ಎತ್ತಲಾರದೆ ಮಲಗಿರುತ್ತಾರೆ, ಒಳಗೆ ಪೂರ್ತಿ ಎಚ್ಚರವಿರುತ್ತಾರೆ. ಅಂಥವರ ರೆಪ್ಪೆಯನ್ನು ನೀವೇ ಮೆಲ್ಲಗೆ ಎತ್ತಿ, ಕಣ್ಣುಗುಡ್ಡೆ ಆಡಿಸಲು ಹೇಳಿ. ಅದೂ ಆಗದಿದ್ದರೆ ಬೆರಳ ತುದಿಯೋ ಹೆಬ್ಬೆರಳೋ ಚೂರು ಅಲುಗುತ್ತದೆಯೇ ನೋಡಿ. ಗೀಯಾನ್-ಬಾರೆಯಲ್ಲಿ ನರದ ನೋವು, ಬೆನ್ನುನೋವು ವಿಪರೀತ ಇರಬಹುದು. ಬರೀ ಅಂಗಚಲನೆ ನೋಡಿ ಅಂಕ ಹಾಕಿದರೆ ಅವರಿಗೆ ಸಿಗುವುದು ಸೊನ್ನೆ.

ಉತ್ತರ ಬರಲಿಲ್ಲ ಎನ್ನಿ. ಆಗ ನೋವಿಗೆ ಕಾರಣವಿದೆಯೇ ಎಂದು ಮೊದಲು ನೋಡಿ. ಜಯದೇವದಂಥ ಕಡೆ ಬೈಪಾಸ್ ಆದವರ ಎದೆಮೂಳೆ ಸೀಳಿರುತ್ತದೆ, ಮುರಿದ ಪಕ್ಕೆಲುಬು, ಎದೆಗೆ ಹಾಕಿದ ಡ್ರೇನ್ ಕೊಳವೆ, ಸುಟ್ಟಗಾಯ ಇದ್ದರೂ ಅಷ್ಟೇ. ಇಂಥಲ್ಲಿ ಬೇರೆ ಪುರಾವೆ ಬೇಕಿಲ್ಲ, ನೋವಿದೆ ಎಂದೇ ಹಿಡಿಯಿರಿ. ಆಮೇಲೆ ತಲೆಯಿಂದ ಕಾಲಿನವರೆಗೆ ಕೈಯಾಡಿಸಿ: ಟ್ಯೂಬಿನ ಟೇಪು ತುಟಿಯ ಕೊನೆಯನ್ನು ಎಳೆಯುತ್ತಿದೆಯೇ, ಡ್ರಿಪ್ ಹಾಕಿದ ಕೈ ಊದಿದೆಯೇ, ಕಟ್ಟಿದ ಪಟ್ಟಿ ಬಿಗಿಯಾಯಿತೇ, ಬೆನ್ನಡಿ ಸಿರಿಂಜಿನ ಮುಚ್ಚಳ ಸಿಕ್ಕಿಕೊಂಡಿದೆಯೇ. ಮೂತ್ರದ ಕ್ಯಾಥೆಟರ್ ಕಟ್ಟಿಕೊಂಡು ಹೊಟ್ಟೆ ಬಿಗಿದವರು ಹಾಸಿಗೆಯಿಂದ ಏಳಲು ಹೋದರೆ, ‘ರೋಗಿ ಗಲಾಟೆ ಮಾಡ್ತಿದಾರೆ’ ಎಂದು ಮಂಪರು ತರಿಸುವ ಮಿಡಜೋಲಮ್ ಹೆಚ್ಚಿಸಿಬಿಡುತ್ತಾರೆ. ಮಿಡಜೋಲಮ್ ಆಗಲಿ ಪ್ರೊಪೊಫಾಲ್ ಆಗಲಿ ನೋವು ಕಳೆಯುವ ಔಷಧಿಯಲ್ಲ. ನೋವು ಇದ್ದಲ್ಲೇ ಇರುತ್ತದೆ, ಅದನ್ನು ತೋರಿಸಿಕೊಳ್ಳುವ ಶಕ್ತಿಯಷ್ಟೇ ಹೋಗುತ್ತದೆ.

ಸ್ಕೋರ್ ಹಾಕುವ ಕ್ರಮ

ವರ್ತನೆ ನೋಡಿ ನೋವಿಗೆ ಅಂಕ ಹಾಕುವ ಅಳತೆಗಳಲ್ಲಿ ದೊಡ್ಡವರಿಗೆ ಹೆಚ್ಚು ಪರೀಕ್ಷೆಗೊಳಗಾದವು ಎರಡು: ಸಿಪಿಒಟಿ (ಕ್ರಿಟಿಕಲ್-ಕೇರ್ ಪೇನ್ ಅಬ್ಸರ್ವೇಶನ್ ಟೂಲ್) ಮತ್ತು ಬಿಪಿಎಸ್ (ಬಿಹೇವಿಯರಲ್ ಪೇನ್ ಸ್ಕೇಲ್). ನಿಮ್ಮ ಐಸಿಯುನಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಬಿಪಿಎಸ್ 3ರಿಂದ ಶುರುವಾಗಿ 12ಕ್ಕೆ ಮುಗಿಯುತ್ತದೆ, ಅದರಲ್ಲಿ 3 ಎಂದರೆ ನೋವಿನ ಚಹರೆಯೇ ಇಲ್ಲ. ಸಿಪಿಒಟಿ 0ಯಿಂದ 8, ಅದರಲ್ಲಿ 3 ಎಂದರೆ ಔಷಧಿ ಕೊಡುವಷ್ಟು ನೋವು. ಹಾಳೆಯಲ್ಲಿ ಬರೀ ‘3’ ಎಂದು ಬರೆದುಹೋದರೆ ಮುಂದಿನ ಪಾಳಿಯವರು ಏನೆಂದು ತಿಳಿಯಬೇಕು?

ಸಿಪಿಒಟಿಯಲ್ಲಿ ನೋಡುವುದು ನಾಲ್ಕು: ಮುಖ, ಅಂಗಚಲನೆ, ವೆಂಟಿಲೇಟರ್ (ಉಸಿರಾಟದ ಯಂತ್ರ) ಜೊತೆ ಹೊಂದಿಕೆ, ಸ್ನಾಯುಗಳ ಬಿಗಿತ. ಟ್ಯೂಬ್ ಇಲ್ಲದವರಲ್ಲಿ ವೆಂಟಿಲೇಟರ್ ಬದಲು ದನಿ: ನರಳಿದರೆ 1, ಕೂಗಿದರೆ ಅಥವಾ ಬಿಕ್ಕಿದರೆ 2. ಒಂದೊಂದಕ್ಕೂ 0, 1 ಅಥವಾ 2. ಮೊದಲು ಮುಟ್ಟದೆ ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿಕೊಂಡು ನಿಂತು ನೋಡಿ. ಆಮೇಲೆ ಮಗ್ಗುಲು ಬದಲಿಸುವಾಗ ಅಥವಾ ಸಕ್ಷನ್ ಮಾಡಿ ಟ್ಯೂಬಿನ ಕಫ ತೆಗೆಯುವಾಗ ನೋಡಿ. ಆ ಹೊತ್ತಿನಲ್ಲಿ ಕಂಡ ಅತಿ ಹೆಚ್ಚಿನದಕ್ಕೇ ಅಂಕ. ಸುಮ್ಮನೆ ಮಲಗಿದವರಲ್ಲಿ ಬಿಗಿತ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕೈ ಹಿಡಿದು ಮಡಿಸಿದರೆ ಅದೇ ಎಚ್ಚರಿಸಿ ಮುಖ ಬದಲಿಸಿಬಿಡುತ್ತದೆ.

ಹೊಟ್ಟೆಯ ಆಪರೇಷನ್ ಆದವರೊಬ್ಬರನ್ನು ತೆಗೆದುಕೊಳ್ಳೋಣ. ಸುಮ್ಮನೆ ಮಲಗಿರುವಾಗ ಹುಬ್ಬು ಸಡಿಲ, ಕೈ ಪಕ್ಕದಲ್ಲಿ, ವೆಂಟಿಲೇಟರ್ ಸದ್ದಿಲ್ಲ, ಮೊಣಕೈ ಮಡಿಸಿದರೆ ಸರಾಗ: ಒಟ್ಟು 0. ಎಡಕ್ಕೆ ಹೊರಳಿಸುತ್ತಿದ್ದ ಹಾಗೆ ಹುಬ್ಬು ಕೆಳಗಿಳಿದು, ಮೂಗಿನ ಪಕ್ಕದ ಗೆರೆ ಆಳವಾಗಿ, ರೆಪ್ಪೆಗಳು ಬಿಗಿದು ಮುಚ್ಚುತ್ತವೆ, ಹಲ್ಲು ಟ್ಯೂಬನ್ನು ಕಚ್ಚುತ್ತದೆ: ಮುಖಕ್ಕೆ 2. ಹುಬ್ಬು ಗಂಟಿಕ್ಕಿ ಅಷ್ಟಕ್ಕೇ ನಿಂತಿದ್ದರೆ 1 ಆಗುತ್ತಿತ್ತು. ಬಲಗೈ ನಿಧಾನವಾಗಿ ಹೊಲಿಗೆಯ ಕಡೆ ಹೋಗುತ್ತದೆ: 1. ಟ್ಯೂಬ್ ಎಳೆಯಲು ಹೋಗಿದ್ದರೆ 2. ಕೆಮ್ಮು ಬಂದು ಅಲಾರಂ ಕೂಗಿ ತಾನೇ ನಿಂತಿತು: 1. ಹೊರಳಿಸುವ ಕೈಗೆ ಮೈ ಬಿಗಿದುಕೊಂಡು ಎದುರು ಕೊಟ್ಟಿತು, ಆದರೂ ಹೊರಳಿಸಲು ಸಾಧ್ಯವಾಯಿತು: 1. ಒಟ್ಟು 5. ಬರೆಯುವಾಗ ‘ವಿಶ್ರಾಂತಿ 0, ಮಗ್ಗುಲು 5’ ಎಂದು ಎರಡನ್ನೂ ಸಮಯದ ಸಮೇತ ಬರೆಯಿರಿ. ಪಾಳಿ ಮುಗಿಯುವಾಗ ನೆನಪಿನಿಂದ ತುಂಬಿದ ಹಾಳೆಯಲ್ಲಿ ಎಲ್ಲರ ನೋವೂ ಸೊನ್ನೆಯಾಗಿರುತ್ತದೆ. ಇನ್ನೊಂದು ಮಾತು: 6 ಎಂದರೆ 3ರ ಎರಡರಷ್ಟು ನೋವು ಎಂದಲ್ಲ. ನೋವು ಇದೆಯೇ, ಔಷಧಿಗೆ ತಗ್ಗಿತೇ ಎಂಬುದಷ್ಟನ್ನೇ ಈ ಅಂಕ ಹೇಳುತ್ತದೆ.

ಅಳತೆ ಕೈಕೊಡುವ ಕಡೆ

ಸ್ನಾಯು ಸಡಿಲಿಸುವ ವೆಕ್ಯುರೋನಿಯಂ, ಅಟ್ರಾಕ್ಯುರಿಯಂ ಓಡುತ್ತಿರುವಾಗ, ಅಥವಾ ಮಂಪರಿನ ಆಳ ಅಳೆಯುವ ರಾಸ್ ಪಟ್ಟಿಯಲ್ಲಿ −5ರಷ್ಟು ಆಳದ ಮಂಪರಿನಲ್ಲಿ ಸಿಪಿಒಟಿ ಹಾಕಬೇಡಿ. ‘0’ ಎಂದಲ್ಲ, ‘ಅಳೆಯಲಾಗದು’ ಎಂದು ಬರೆಯಿರಿ. ಸ್ನಾಯು ಸಡಿಲಿಸುವ ಔಷಧಿ ಶುರುಮಾಡುವ ಮುಂಚೆಯೇ ನೋವಿನ ಔಷಧಿ, ನಿದ್ದೆಯ ಔಷಧಿ ಎರಡೂ ಸಾಕಷ್ಟು ಹೋಗುತ್ತಿರಬೇಕು. ವಿಕ್ಟೋರಿಯಾದ ಸುಟ್ಟಗಾಯದ ವಾರ್ಡಿನಲ್ಲಿರುವಂತೆ ಮುಖಕ್ಕೆಲ್ಲ ಬ್ಯಾಂಡೇಜ್ ಇದ್ದರೆ ಮುಖದ ಅಂಕವೇ ಸಿಗುವುದಿಲ್ಲ, ಉಳಿದ ಮೂರನ್ನು ಕೂಡಿಸಿ ‘ನೋವಿಲ್ಲ’ ಎನ್ನಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬರುವಂಥ ತಲೆಪೆಟ್ಟಿನವರು ಅಷ್ಟಾಗಿ ಮುಖ ಕಿವುಚುವುದಿಲ್ಲ. ಮುಚ್ಚಿದ್ದ ಕಣ್ಣು ಫಕ್ಕನೆ ತೆರೆಯುವುದು, ಕಣ್ಣೀರು, ಮುಖ ಕೆಂಪಾಗುವುದು, ಇವು ಅವರಲ್ಲಿ ಕಾಣುವ ಗುರುತು.

ಮಾನಿಟರ್ ನೋಡಿ ನೋವು ತೀರ್ಮಾನಿಸಬೇಡಿ. ಜ್ವರ, ರಕ್ತಸ್ರಾವ, ಭಯ, ಬಿಪಿ ಏರಿಸಲು ಕೊಡುವ ನಾರ್‌ಅಡ್ರಿನಲಿನ್ ಎಲ್ಲವೂ ನಾಡಿಯನ್ನೋ ಬಿಪಿಯನ್ನೋ ಏರುಪೇರು ಮಾಡುತ್ತವೆ. ನಾಡಿ ನಿಧಾನಿಸುವ ಬೀಟಾ ಬ್ಲಾಕರ್ ತೆಗೆದುಕೊಂಡವರಲ್ಲಿ ಎಷ್ಟು ನೋವಿದ್ದರೂ ನಾಡಿ ಏರದೆ ಇರಬಹುದು. ಏರಿದ ನಾಡಿಯನ್ನು ‘ಬಂದು ನೋಡಿ’ ಎಂಬ ಕರೆಯೆಂದು ತಿಳಿಯಿರಿ, ಅಷ್ಟೇ.

ಸಿಪಿಒಟಿ 3 ಅಥವಾ ಹೆಚ್ಚು ಬಂದರೆ, ಅಥವಾ ಅಳೆಯಲಾಗದೆ ಕಾರಣ ಮಾತ್ರ ಕಣ್ಣೆದುರಿಗಿದ್ದರೆ, ವೈದ್ಯರ ಆದೇಶದಂತೆ ಔಷಧಿ ಕೊಟ್ಟು ಮತ್ತೆ ನೋಡಿ. ಯಾವಾಗ ನೋಡಬೇಕೆಂಬುದು ಔಷಧಿಯ ಮೇಲೆ ಹೋಗುತ್ತದೆ. ಶಿರೆಗೆ ಕೊಟ್ಟ ನೋವಿನ ಔಷಧಿ ಫೆಂಟನಿಲ್ 1–2 ನಿಮಿಷಕ್ಕೆ ಹತ್ತಿ 5 ನಿಮಿಷದ ಹೊತ್ತಿಗೆ ಪೂರ್ತಿ ಕೆಲಸ ಮಾಡುತ್ತದೆ, ಮಾರ್ಫಿನ್‌ಗೆ ಸುಮಾರು 20 ನಿಮಿಷ ಬೇಕು. ಅಂಕ 2ರಷ್ಟಾದರೂ ಇಳಿಯಿತೇ ನೋಡಿ. ಮೇಲಿನ ಉದಾಹರಣೆಯವರಿಗೆ ಮುಂದಿನ ಸಲ ಹೊರಳಿಸುವ 5 ನಿಮಿಷ ಮುಂಚೆಯೇ ಫೆಂಟನಿಲ್ ಕೊಡಬೇಕು, ಹೊರಳಿಸಿದ ಮೇಲಲ್ಲ. ಎದೆಯ ಡ್ರೇನ್ ತೆಗೆಯುವುದಕ್ಕೂ ಇದೇ ಲೆಕ್ಕ.

ಭೇಟಿಯ ಹೊತ್ತಿನಲ್ಲಿ ಮನೆಯವರನ್ನು ‘ಹತ್ತಕ್ಕೆ ಎಷ್ಟು ನೋವಿದೆ ಅನ್ಸುತ್ತೆ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಅಮ್ಮಂಗೆ ಮನೇಲಿ ನೋವು ಬಂದ್ರೆ ಏನ್ ಮಾಡ್ತಿದ್ರು? ಮಂಡಿನೋವು, ಸಕ್ಕರೆ ಕಾಯಿಲೆಯ ಕಾಲುರಿ ಏನಾದ್ರೂ ಇತ್ತಾ?’ ಎಂದು ಕೇಳಿ. ಸಿಕ್ಕ ಉತ್ತರವನ್ನು ಪಾಳಿ ಬದಲಾಗುವಾಗ ಹಾಗೇ ದಾಟಿಸಿ: ‘ನಾಲ್ಕನೇ ಬೆಡ್ಡಿನ ಅಮ್ಮ ನೋವಾದ್ರೆ ಮುಖ ತೋರಿಸಲ್ಲ, ಎಡಗಾಲಿನ ಬೆರಳು ಮಡಿಸ್ಕೋತಾರೆ. ಹೊದಿಕೆ ತೆಗೆದು ಕಾಲು ನೋಡಿ.’