ಬ್ಲೂಬೆಲ್ ಕಾಡಿಗೆ ದಾರಿ ತಪ್ಪದೆ ಹೋಗಿಬರುವುದು ಹೇಗೆ?

ಏಪ್ರಿಲ್ ಬಂತೆಂದರೆ ಲಂಡನ್, ಸ್ಲೌ, ರೆಡಿಂಗ್ ಕಡೆಯ ಎಷ್ಟೋ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಇಂಗ್ಲೆಂಡಿನ ಹಳೆಯ ಕಾಡುಗಳ ನೆಲವೆಲ್ಲ ಬ್ಲೂಬೆಲ್ ಹೂವಿನಿಂದ ನೀಲಿಯಾಗುವುದೂ ಆಗಲೇ. ಹುರುಪಿನಿಂದ ಹೊರಟವರಲ್ಲಿ ಅನೇಕರು ಅರ್ಧ ದಾರಿಯಲ್ಲೇ ಸುಸ್ತಾಗಿ ರಸ್ತೆ ಪಕ್ಕ ನಿಂತು ಟ್ಯಾಕ್ಸಿಗೆ ಫೋನ್ ಮಾಡುತ್ತಾರೆ. ಕಾಡಿನೊಳಗಿನ ನಡಿಗೆ ಸುಲಭ. ಸ್ಟೇಷನ್ನಿಗೂ ಕಾಡಿಗೂ ನಡುವಿನ ಹೊಲಗಳಲ್ಲಿ ದಾರಿ ಹಿಡಿಯುವುದೇ ಕಷ್ಟ. ಎಡವಟ್ಟಾಗುವುದು ಬಹುಪಾಲು ಅಲ್ಲೇ.

ಉದಾಹರಣೆಗೆ ಆಶ್‌ರಿಜ್ ಎಸ್ಟೇಟನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ವಾಯವ್ಯಕ್ಕೆ, ಚಿಲ್ಟರ್ನ್ ಗುಡ್ಡಗಳ ಮೇಲೆ ಸುಮಾರು 5,000 ಎಕರೆ ಹರಡಿದೆ. ಹಳೆಯ ಎಸ್ಟೇಟು, ಕಾಡುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಟ್ರಿಂಗ್ ಸ್ಟೇಷನ್ನಿನಿಂದ ಆಲ್ಡ್‌ಬರಿ ಹಳ್ಳಿ, ಅಲ್ಲಿಂದ ಕಡಿದಾದ ಏರು ಹತ್ತಿ 1832ರ ಬ್ರಿಡ್ಜ್‌ವಾಟರ್ ಸ್ಮಾರಕ ಕಂಬ, ಬಳಿಕ ಕಾಡಂಚಿನಲ್ಲೇ ಉತ್ತರಕ್ಕೆ 233 ಮೀಟರ್ ಎತ್ತರದ ಐವಿಂಗ್‌ಹೋ ಬೀಕನ್. ವಾಪಸು ರಿಜ್‌ವೇ ಹಾದಿಯಲ್ಲಿ ಅದೇ ಸ್ಟೇಷನ್ನಿಗೆ. ಸುತ್ತು ಹದಿಮೂರು-ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಅಷ್ಟು ನಡೆಯಲಾರದ ಹಿರಿಯರನ್ನು ಕಾರಿನಲ್ಲಿ ನೇರ ಸ್ಮಾರಕದ ಹತ್ತಿರ ಕರೆತನ್ನಿ. ಕಾಫಿ, ಶೌಚಾಲಯ ಎರಡೂ ಅಲ್ಲಿವೆ.

ದಿನ, ರೈಲು, ಬೂಟು

ಏಪ್ರಿಲ್ ಮೂರನೇ ವಾರದಿಂದ ಮೇ ಮೊದಲ ವಾರದವರೆಗೆ ಹೋಗಿ. ಬೀಚ್ ಮರಗಳು ಪೂರ್ತಿ ಚಿಗುರಿ ಮೇಲೆ ಚಪ್ಪರ ಕಟ್ಟಿಕೊಂಡರೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಅದಕ್ಕೆ ಮುಂಚೆಯೇ ಹೂಬಿಟ್ಟು ಮುಗಿಸಬೇಕು ಎನ್ನುವ ಅವಸರ ಬ್ಲೂಬೆಲ್‌ನದು. ಎಸ್ಟೇಟಿನ ಡಾಕಿ ವುಡ್ ಎಂಬ ತುಣುಕು ಈ ಹೂವಿಗೇ ಹೆಸರುವಾಸಿ. ಹೂವಿನ ಕಾಲದಲ್ಲಿ ಅಲ್ಲಿ ಟಿಕೆಟ್ ಇಡುವುದುಂಟು, ಹೊರಡುವ ಮುನ್ನ ಟ್ರಸ್ಟಿನ ಜಾಲತಾಣ ನೋಡಿಕೊಳ್ಳಿ. ಶನಿವಾರ-ಭಾನುವಾರ ಜನಜಂಗುಳಿ. ರಜೆ ಹಾಕಿಯಾದರೂ ವಾರದ ನಡುವೆ ಹೋಗಿ.

ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಿಂದ ಟ್ರಿಂಗ್‌ಗೆ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಲಂಡನ್ನಿನ ಬಸ್ಸು-ರೈಲುಗಳ ಆಯ್ಸ್ಟರ್ ಕಾರ್ಡ್ ಅಲ್ಲಿಯವರೆಗೆ ನಡೆಯುವುದಿಲ್ಲ, ಟಿಕೆಟ್ ತೆಗೆದೇ ಹತ್ತಿ.

ಇಲ್ಲಿ ಸುಣ್ಣಕಲ್ಲಿನ ಮೇಲೆ ಜಿಗುಟು ಜೇಡಿ, ಅದರೊಳಗೆ ಚಕಮಕಿ ಕಲ್ಲು. ಮಳೆಯ ಮಾರನೆಯ ದಿನ ಜೇಡಿ ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಿಲೋ ಭಾರವಾಗುತ್ತದೆ. ಹರಡು ಮುಚ್ಚುವ, ಅಡಿಯಲ್ಲಿ ಆಳವಾದ ಕಚ್ಚುಗಳಿರುವ ಬೂಟು ಬೇಕು. ಕಡಿಮೆ ಬೆಲೆಗೆ 'ವಾಕಿಂಗ್ ಶೂ' ಎಂದು ಮಾರುವ ಚಪ್ಪಟೆ ಅಡಿಯವು ಇಳಿಜಾರಿನಲ್ಲಿ ಜಾರುತ್ತವೆ, ದುಡ್ಡು ದಂಡ. ಜೀನ್ಸ್ ಬೇಡ. ಒದ್ದೆಯಾದರೆ ಸಂಜೆಯವರೆಗೂ ಒಣಗುವುದಿಲ್ಲ.

ನಕ್ಷೆ

ಫೋನಿನ ಮಾಮೂಲಿ ಮ್ಯಾಪ್ ನಂಬಿದರೆ ಅದು ಅನೇಕ ಸಲ ಹಳ್ಳಿ ರಸ್ತೆಗೇ ಕರೆದೊಯ್ಯುತ್ತದೆ. ರಸ್ತೆ ಒಂದು ಕಾರಿನಷ್ಟು ಅಗಲ, ಎರಡೂ ಬದಿ ಆಳೆತ್ತರದ ಗಿಡದ ಬೇಲಿ, ಸರಿದು ನಿಲ್ಲಲು ಜಾಗವಿಲ್ಲ. ಆದರೂ ಕಾರುಗಳಿಗೆ ಗಂಟೆಗೆ 60 ಮೈಲಿವರೆಗೆ ಅನುಮತಿ ಇರುತ್ತದೆ. ಅಂಥ ರಸ್ತೆಯಲ್ಲಿ ಸ್ವಲ್ಪ ದೂರ ನಡೆಯಲೇಬೇಕಾಗಿ ಬಂದರೆ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ಬೇಕಾದದ್ದು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ, ಕಿತ್ತಳೆ ರಟ್ಟಿನದು. ಅಳತೆ 1:25,000, ಆಶ್‌ರಿಜ್‌ಗೆ ಸಂಖ್ಯೆ 181. ಪಕ್ಕದಲ್ಲೇ ಗುಲಾಬಿ ರಟ್ಟಿನ ಲ್ಯಾಂಡ್‌ರೇಂಜರ್ ಇರುತ್ತದೆ. ಅದರಲ್ಲಿ ಹೊಲದ ಬೇಲಿಗಳೇ ಕಾಣುವುದಿಲ್ಲ, ಈ ಕೆಲಸಕ್ಕೆ ಕೊಳ್ಳಬೇಡಿ. ಫೋನಿನ ಆ್ಯಪ್‌ನಲ್ಲಿ ಇದೇ ನಕ್ಷೆ ಸಿಗುತ್ತದೆ, ಆದರೂ ಕಾಗದದ್ದು ಜೊತೆಗಿರಲಿ.

ಗಿಡ್ಡ ಹಸಿರು ತುಂಡುಗೆರೆಗಳ ಸಾಲು ಕಾಲುದಾರಿ. ಉದ್ದ ಹಸಿರು ತುಂಡುಗೆರೆಗಳು ಕುದುರೆ, ಸೈಕಲ್ಲುಗಳೂ ಹೋಗಬಹುದಾದ ಬ್ರೈಡಲ್‌ವೇ. ಖಾಸಗಿ ಜಮೀನಿನ ಮೇಲೆ ಹಾದರೂ ಈ ಹಸಿರು ದಾರಿಗಳಲ್ಲಿ ನಡೆಯುವುದು ನಿಮ್ಮ ಕಾನೂನುಬದ್ಧ ಹಕ್ಕು. ಬರೀ ಕಪ್ಪು ತುಂಡುಗೆರೆಯಿದ್ದರೆ ನೆಲದ ಮೇಲೆ ದಾರಿಯಿದೆ ಎಂದಷ್ಟೇ ಅರ್ಥ, ಹಕ್ಕು ಇದೆ ಎಂದಲ್ಲ. ಕಪ್ಪು ಚುಕ್ಕೆಗಳ ಸಾಲಂತೂ ದಾರಿಯೇ ಅಲ್ಲ, ಹಳ್ಳಿಯ ಆಡಳಿತ ಗಡಿ. ಅದನ್ನೇ ದಾರಿ ಎಂದುಕೊಂಡು ಮುಳ್ಳುಬೇಲಿಯ ಮುಂದೆ ಹೋಗಿ ನಿಲ್ಲುವವರು ಕಡಿಮೆಯಿಲ್ಲ.

ಹೊಲ ದಾಟುವುದು

ನಕ್ಷೆಯ ತೆಳು ಕಪ್ಪು ಗೆರೆಗಳೆಲ್ಲ ಹೊಲದ ಬೇಲಿಗಳು. ಹೊರಡುವ ಮೊದಲು ಎರಡು ವಿಷಯ ಗುರುತಿಸಿಕೊಳ್ಳಿ: ದಾರಿಯಲ್ಲಿ ಎಷ್ಟು ಬೇಲಿ ದಾಟಬೇಕು, ಹಸಿರು ಗೆರೆ ಬೇಲಿಯ ಎಡಕ್ಕಿದೆಯೋ ಬಲಕ್ಕಿದೆಯೋ. ಕೆಡುವುದು ಎರಡನೆಯದರಲ್ಲಿ. ದಾರಿ ಮುನ್ನೂರು ಮೀಟರ್ ಬೇಲಿಯ ಎಡಕ್ಕೆ ಸಾಗಿ, ಒಂದು ಕಿಂಡಿಯಲ್ಲಿ ಬಲಕ್ಕೆ ದಾಟಿರುತ್ತದೆ. ಮಾತಾಡುತ್ತ ಹೋದವರಿಗೆ ಕಿಂಡಿ ತಪ್ಪುತ್ತದೆ. ಮುಂದೆ ಹೊಲದ ಮೂಲೆಯಲ್ಲಿ ದಾರಿ ಮುಗಿಯುತ್ತದೆ, ಆಚೆ ಮುಳ್ಳುತಂತಿ. ಆಗ ತಂತಿ ಹಾರುವ ಸಾಹಸ ಬೇಡ. ಬಂದ ದಾರಿಯಲ್ಲೇ ಹಿಂದೆ ಹೋಗಿ ಕಿಂಡಿ ಹುಡುಕಿ.

ದಾಟುವ ಜಾಗದಲ್ಲಿ ಬೇಲಿ ಹತ್ತಿಳಿಯಲು ಮರದ ಹಲಗೆಯ ಮೆಟ್ಟಿಲೋ, ಒಬ್ಬೊಬ್ಬರೇ ತೂರುವ ಸಣ್ಣ ಗೇಟೋ ಇರುತ್ತದೆ. ಪಕ್ಕದ ಕಂಬದ ಮೇಲಿನ ಬಾಣ ನೋಡಿ: ಹಳದಿ ಕಾಲುದಾರಿ, ನೀಲಿ ಬ್ರೈಡಲ್‌ವೇ, ಓಕ್ ಕಾಯಿಯ ಗುರುತಿದ್ದರೆ ರಿಜ್‌ವೇಯಂಥ ರಾಷ್ಟ್ರೀಯ ಹಾದಿ. ಬಾಣದ ಕೋನವನ್ನೂ ಗಮನಿಸಿ. ಸ್ವಲ್ಪ ಓರೆಯಾಗಿದ್ದರೆ ದಾರಿ ಹೊಲವನ್ನು ಓರೆಯಾಗಿ ಸೀಳುತ್ತದೆ ಎಂದರ್ಥ.

ಬೆಳೆ ನಿಂತ ಹೊಲದ ನಡುವೆ ದಾರಿ ಹಾದಿದ್ದರೆ ನಮ್ಮವರು ಸಂಕೋಚಪಟ್ಟು ಬದುವಿನ ಮೇಲೆ ಸುತ್ತಿಹೋಗುತ್ತಾರೆ. ಬೆಳೆ ತುಳಿಯಬಾರದೆಂಬ ಸಂಸ್ಕಾರ ಒಳ್ಳೆಯದೇ, ಆದರೆ ಇಲ್ಲಿ ಅದು ಎರಡು ರೀತಿಯಲ್ಲಿ ತಪ್ಪು. ಬದುವಿನ ಮೇಲೆ ನಡೆಯುವ ಹಕ್ಕು ನಿಮಗಿಲ್ಲ, ಆಚೆ ಬದಿಯ ಕಿಂಡಿಯೂ ಸಿಗುವುದಿಲ್ಲ. ಉತ್ತರೂ ರೈತ ಸಾಮಾನ್ಯವಾಗಿ 14 ದಿನಗಳೊಳಗೆ ಕಾಲುದಾರಿಯನ್ನು ಕನಿಷ್ಠ ಒಂದು ಮೀಟರ್ ಅಗಲ ಬಿಡಿಸಿಕೊಡಬೇಕೆಂದು ಕಾನೂನಿದೆ. ಬಿಡಿಸಿರದಿದ್ದರೂ ನಕ್ಷೆಯ ಗೆರೆಯ ಮೇಲೆಯೇ ಬೆಳೆಯ ನಡುವೆ ನಡೆಯಬಹುದು. ಸಾಲಾಗಿ, ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ನಡೆದರೆ ಬೆಳೆಗೆ ಹಾನಿ ಕಡಿಮೆ.

ದಿಕ್ಕು ಹಿಡಿಯಲು ದಿಕ್ಸೂಚಿ ಬೇಕು, ಪಾರದರ್ಶಕ ತಳವಿರುವುದು ಸಾಕು. ಅದರ ಅಂಚನ್ನು ನಕ್ಷೆಯಲ್ಲಿ ನಿಂತಿರುವ ಜಾಗದಿಂದ ಹೋಗಬೇಕಾದ ಕಿಂಡಿಗೆ ಇಡಿ. ಮುಳ್ಳಿರುವ ದುಂಡು ಬಟ್ಟಲು ತಿರುಗಿಸಿ ಅದರ ಒಳಗೆರೆಗಳನ್ನು ನಕ್ಷೆಯ ಉದ್ದಗೆರೆಗಳಿಗೆ ಸಮ ಮಾಡಿ, ಬಟ್ಟಲಿನ ಬಾಣ ನಕ್ಷೆಯ ಮೇಲ್ಬದಿಗಿರಲಿ. ಆಮೇಲೆ ಅದನ್ನು ಎದೆಯ ಮುಂದೆ ಹಿಡಿದು, ಕೆಂಪು ಮುಳ್ಳು ಆ ಬಾಣದೊಳಗೆ ಕೂರುವವರೆಗೆ ನೀವೇ ತಿರುಗಿ. ಮುಂದೆ ನೇರಕ್ಕೆ ಕಾಣುವ ಒಂದು ಮರವನ್ನು ಗುರಿ ಮಾಡಿಕೊಂಡು ನಡೆಯಿರಿ. ಏಪ್ರಿಲ್ ಕೊನೆಗೆ ಎಣ್ಣೆಸಾಸಿವೆ ಎದೆಮಟ್ಟ ಬಂದು, ಹಳದಿ ಹೂವಿನ ನಡುವೆ ಕಾಲುದಾರಿ ಮುಚ್ಚಿಹೋಗಿರುತ್ತದೆ. ಬೆಳಗಿನ ಇಬ್ಬನಿಗೆ ಸೊಂಟದವರೆಗೂ ತೊಯ್ಯುತ್ತದೆ, ಪರಾಗ ಬಟ್ಟೆಗೆ ಮೆತ್ತುತ್ತದೆ. ಮಳೆಪ್ಯಾಂಟನ್ನು ಬೇಲಿಯ ಹತ್ತಿರವೇ ಹಾಕಿಕೊಳ್ಳಿ.

ಕರುಗಳ ಜೊತೆ ಹಸುಗಳಿದ್ದರೆ ಅವುಗಳ ನಡುವೆ ಹೋಗದೆ ಸುತ್ತಿಹೋಗಿ, ಮತ್ತೆ ದಾರಿ ಸೇರಿಕೊಳ್ಳಿ. ನಾಯಿ ಜೊತೆಗಿದ್ದು ಹಸು ಅಟ್ಟಿಬಂದರೆ ಹಗ್ಗ ಬಿಟ್ಟುಬಿಡಿ. ನಾಯಿ ತಪ್ಪಿಸಿಕೊಳ್ಳುತ್ತದೆ, ನಿಮಗದು ಕಷ್ಟ. ಗೇಟು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಡಿ.

ಕಾಡಿನೊಳಗೆ

ಕಾಡಿನಲ್ಲಿ ಜನ ನಡೆದು ನಡೆದು ಆದ ಅಡ್ಡದಾರಿಗಳೇ ಹೆಚ್ಚು. ಚಿಲ್ಟರ್ನ್ ಕಾಡುಗಳಲ್ಲಿ ಮರದ ಕಾಂಡದ ಮೇಲೆ ಬಿಳಿ ಬಣ್ಣದ ಬಾಣ ಬಳಿದಿರುತ್ತಾರೆ, ಅದನ್ನೇ ಹಿಡಿಯಿರಿ. ಬಾಣ ಕಾಣದೆ ಬಹಳ ದೂರ ಬಂದಿರೆಂದರೆ ಹಿಂದೆ ಹೋಗಿ.

ಅಸಲಿ ಇಂಗ್ಲಿಷ್ ಬ್ಲೂಬೆಲ್‌ನ ಗೊನೆ ಒಂದೇ ಬದಿಗೆ ಬಾಗಿರುತ್ತದೆ, ಪರಾಗ ಕೆನೆಬಣ್ಣ, ಸಣ್ಣ ಸುವಾಸನೆಯಿದೆ. ತೋಟಗಳಿಂದ ಹಬ್ಬಿದ ಸ್ಪೇನಿನ ಜಾತಿ ನೆಟ್ಟಗೆ ನಿಲ್ಲುತ್ತದೆ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಪರಾಗ ಸಾಮಾನ್ಯವಾಗಿ ನೀಲಿ. ಫೋಟೊಗಾಗಿ ಹೂವಿನ ನಡುವೆ ದಯವಿಟ್ಟು ಕೂರಬೇಡಿ, ಮಕ್ಕಳನ್ನೂ ಕೂರಿಸಬೇಡಿ. ತುಳಿದ ಎಲೆ ಬಿಸಿಲು ಹೀರಲಾರದೆ ಸಾಯುತ್ತದೆ, ನೆಲದೊಳಗಿನ ಗೆಡ್ಡೆಗೆ ಆಹಾರ ಸಿಗುವುದಿಲ್ಲ, ಆ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ದಾರಿಯ ಮೇಲೆಯೇ ಕುಕ್ಕರಗಾಲಲ್ಲಿ ಕೂತು, ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿ ತೆಗೆದರೆ ಹೂವಿನ ನಡುವೆಯೇ ಇದ್ದಂತೆ ಬರುತ್ತದೆ. ಗೆಡ್ಡೆ ಕೀಳುವುದಂತೂ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಹಳೆಯ ಬೀಚ್ ಮರಗಳ ಕೆಳಗೆ ಬುತ್ತಿ ಬಿಚ್ಚಬೇಡಿ, ಗಾಳಿಯಿಲ್ಲದಾಗಲೂ ದೊಡ್ಡ ಕೊಂಬೆ ಮುರಿದುಬೀಳುವುದುಂಟು.

ವಾಪಸು

ಒಬ್ಬರೇ ಆದರೆ ಗಂಟೆಗೆ ಐದು ಕಿಲೋಮೀಟರ್ ಲೆಕ್ಕ, ಹಿರಿಯರೂ ಮಕ್ಕಳೂ ಇದ್ದರೆ ಮೂರೇ. ಪಬ್ಬಿನ ಮಧ್ಯಾಹ್ನದ ಅಡುಗೆ ಎರಡೂವರೆ-ಮೂರಕ್ಕೆ ನಿಲ್ಲುವುದು ಸಾಮಾನ್ಯ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ಸರಿ.

ಕಣಿವೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ತುರ್ತಿಗೆ 999ಕ್ಕೆ ಕರೆ ಮಾಡಿದರೆ ಜಾಗ ಹೇಳಲು ಗ್ರಿಡ್ ಸಂಖ್ಯೆ ತಿಳಿದಿರಲಿ. ನಕ್ಷೆಯ ಒಂದು ಚೌಕ ನಾಲ್ಕು ಸೆಂಟಿಮೀಟರ್, ಅಂದರೆ ಒಂದು ಕಿಲೋಮೀಟರ್. ಅದರ ಹತ್ತನೇ ಒಂದು ಭಾಗ ನೂರು ಮೀಟರ್. ಗೆರೆಯ ಸಂಖ್ಯೆಯ ಮುಂದೆ ಆ ಹತ್ತನೇ ಭಾಗಗಳ ಎಣಿಕೆ ಸೇರಿಸಿ, ಮೊದಲು ಅಡ್ಡಕ್ಕೆ, ಆಮೇಲೆ ಮೇಲಕ್ಕೆ ಓದಬೇಕು. ಸ್ಮಾರಕದ್ದು ಎಸ್‌ಪಿ (ನಕ್ಷೆಯ ಆ ವಲಯದ ಅಕ್ಷರಗಳು) 970 131.

ಮನೆಗೆ ಬಂದ ರಾತ್ರಿಯೇ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಾದರೆ ಕೂದಲಂಚು ನೋಡಿ. ಇಲ್ಲಿ ಮಲೆನಾಡಿನಂತೆ ಇಂಬಳದ ಕಾಟವಿಲ್ಲ, ಉಣುಗು ಇದೆ. ಗಸಗಸೆ ಕಾಳಿನಷ್ಟೇ ಇರುವ ಅದರ ಮರಿಯಿಂದಲೂ ಲೈಮ್ ಕಾಯಿಲೆ ಬರಬಹುದು. ನಮ್ಮ ಮಂಗನ ಕಾಯಿಲೆ ವೈರಸ್ಸಿನದು, ಇದು ಬ್ಯಾಕ್ಟೀರಿಯಾದ್ದು, ಆ್ಯಂಟಿಬಯಾಟಿಕ್‌ನಿಂದ ಗುಣವಾಗುತ್ತದೆ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಚೂಪುತುದಿಯ ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು, ಹೊಟ್ಟೆ ಹಿಸುಕದೆ, ನಿಧಾನಕ್ಕೆ ನೇರ ಮೇಲೆತ್ತಿ. ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ಗುರುತು ಸಾಮಾನ್ಯವಾಗಿ ನಾಲ್ಕು ವಾರಗಳೊಳಗೆ, ಕೆಲವೊಮ್ಮೆ ಮೂರು ತಿಂಗಳ ತನಕ ಏಳಬಹುದು. ಕಂಡ ಕೂಡಲೇ ಜಿಪಿಗೆ, ಅಂದರೆ ನಿಮ್ಮ ಬಡಾವಣೆಯ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಊರಿಗೆ ಮರಳಿದವರಿದ್ದರೆ, ಅಲ್ಲಿನ ಡಾಕ್ಟರಿಗೆ ಇಂಗ್ಲೆಂಡಿನ ಕಾಡಿನಲ್ಲಿ ನಡೆದದ್ದನ್ನು ತಾವಾಗಿಯೇ ಹೇಳಬೇಕು. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದಿಲ್ಲ.