ನವನಗರದ 8 ಜಿಬಿ ಲ್ಯಾಪ್‌ಟಾಪಿನಲ್ಲಿ ಲಿಬ್ರೆಆಫೀಸ್

ಲಿಬ್ರೆಆಫೀಸ್ ಎಂಬ ಮುಕ್ತ ಆಫೀಸ್ ತಂತ್ರಾಂಶವನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುತ್ತೇನೆ, ಅಂದರೆ ಮೂಲ ಕೋಡಿನಿಂದ ನಾನೇ ಕಟ್ಟಿಕೊಳ್ಳುತ್ತೇನೆ ಅಂದ ಕೂಡಲೇ ಹುಡುಗರು ಕೇಳುವುದು ಒಂದೇ: "ಅಣ್ಣಾ, ರ‍್ಯಾಮ್ ಎಷ್ಟ್ ಬೇಕ್ರಿ?" ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು 8 ಜಿಬಿ. ಸೆಕೆಂಡ್ ಹ್ಯಾಂಡ್ ಕೊಂಡದ್ದು, ನಾಲ್ಕು ಕೋರ್. ಎಸ್‌ಎಸ್‌ಡಿ ಮಾತ್ರ ಹೊಸದು ಹಾಕಿಸಿದ್ದೇನೆ. ಬಾಗಲಕೋಟೆ ನವನಗರದ ಮನೆಯಲ್ಲಿ ಕೂತು ಅದರಲ್ಲೇ ಬಿಲ್ಡ್ ಮಾಡಿ, ಅದರಿಂದಲೇ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದ್ದೇನೆ. ಅವು ಮೂಲ ಕೋಡಿಗೆ ಸೇರಿಯೂ ಆಗಿವೆ. ಹಾಗಾಗಿ 8 ಜಿಬಿ ಸಾಕು ಅಂತ ಹೇಳಬಹುದು. ಆದರೆ ಅಷ್ಟನ್ನೇ ಹೇಳಿ ಕಳಿಸಿದರೆ ಹುಡುಗ ವಾರದೊಳಗೆ ಕೈಬಿಡುತ್ತಾನೆ. ಒಮ್ಮೆ ಬಿಲ್ಡ್ ಆಗುವುದು ದೊಡ್ಡ ಮಾತಲ್ಲ. ಅದನ್ನು ತಿಂಗಳುಗಟ್ಟಲೆ ಕೆಡದ ಹಾಗೆ ಇಟ್ಟುಕೊಂಡು ಕೆಲಸ ಮಾಡುವುದಿದೆಯಲ್ಲ, ಅದಕ್ಕೆ ಒಂದಷ್ಟು ಉಪಾಯ ಬೇಕು.

ನನಗೆ ಇದರ ಗೀಳು ಹತ್ತಿದ್ದು ಖಣದ ಲೆಕ್ಕದಿಂದ. ಅಕ್ಕನ ಗಂಡನದು ಗುಳೇದಗುಡ್ಡದಲ್ಲಿ ಖಣದ ವ್ಯಾಪಾರ. ಯಾವ ನೇಕಾರರಿಗೆ ಎಷ್ಟು ನೂಲು ಹೋಯಿತು, ಎಷ್ಟು ಖಣ ಬಂತು, ಯಾವ ಅಂಗಡಿಯಿಂದ ಎಷ್ಟು ಬಾಕಿ, ಎಲ್ಲಾ ಲಿಬ್ರೆಆಫೀಸಿನ ಸ್ಪ್ರೆಡ್‌ಶೀಟ್ ಭಾಗವಾದ ಕ್ಯಾಲ್ಕ್ ಶೀಟಿನಲ್ಲಿ. ಶೀಟು ಮಾಡಿಕೊಟ್ಟವನು ನಾನೇ ಆದ್ದರಿಂದ ಏನು ಕೈಕೊಟ್ಟರೂ ಫೋನ್ ನನಗೇ. "ಏನಪಾ, ಫಿಲ್ಟರ್ ಹಚ್ಚಿ ಕಾಪಿ ಮಾಡಿದ್ರ ಮುಚ್ಚಿಟ್ಟ ಸಾಲೂ ಬರಾಕತ್ತಾವಲ್ಲ?" ಅಂತ ಒಂದು ದಿನ ಮಾಮಾ ಕೇಳಿದರು. ದೋಷಗಳನ್ನು (ಬಗ್) ದಾಖಲಿಸುವ ಬಗ್‌ಜಿಲ್ಲಾ ತಾಣದಲ್ಲಿ ಹುಡುಕಿದರೆ ಅದನ್ನು ಆಗಲೇ ಯಾರೋ ದಾಖಲಿಸಿದ್ದರು, ಇನ್ಯಾರೋ ಸರಿ ಮಾಡಿದ್ದರು, ಮುಂದಿನ ಆವೃತ್ತಿಯಲ್ಲಿ ಬರುವುದಿತ್ತು. ಸರಿ ಮಾಡಿದ ಆ ನಾಲ್ಕಾರು ಸಾಲು ಕೋಡ್ ತೆರೆದು ನೋಡಿದೆ. ಇದನ್ನು ನಾನೂ ಓದಬಲ್ಲೆ ಅನಿಸಿತು. ಅಲ್ಲಿಂದ ಶುರು.

ಈ ಕೋಡಿನ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಒಳಗೆ ಓಡಾಡುವುದು ಸುಲಭ. 1985ರಲ್ಲಿ ಜರ್ಮನಿಯಲ್ಲಿ ಶುರುವಾದ ಸ್ಟಾರ್ ಡಿವಿಷನ್ ಎಂಬ ಕಂಪನಿಯ ಸ್ಟಾರ್‌ಆಫೀಸ್ ಇದರ ಮೂಲ. 1999ರಲ್ಲಿ ಸನ್ ಕಂಪನಿ ಅದನ್ನು ಕೊಂಡಿತು, 2000ದಲ್ಲಿ ಕೋಡ್ ಓಪನ್‌ಆಫೀಸ್ ಹೆಸರಿನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಸನ್ ಒರಾಕಲ್ ಕೈಗೆ ಹೋದ ಮೇಲೆ, 2010ರ ಸೆಪ್ಟೆಂಬರ್ 28ರಂದು ಸಮುದಾಯದವರು ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು, ಲಿಬ್ರೆಆಫೀಸ್ ಹುಟ್ಟಿತು. ಅದಕ್ಕೇ ಇವತ್ತಿಗೂ ಫೋಲ್ಡರ್‌ಗಳ ಹೆಸರು 'ಎಸ್‌ಡಬ್ಲ್ಯೂ', 'ಎಸ್‌ಸಿ', 'ಎಸ್‌ಡಿ'. ಸ್ಟಾರ್ ರೈಟರ್, ಸ್ಟಾರ್ ಕ್ಯಾಲ್ಕ್, ಸ್ಟಾರ್ ಡ್ರಾ. ಹಳೆಯ ಫೈಲುಗಳಲ್ಲಿ ಬಹಳಷ್ಟು ಕಾಮೆಂಟುಗಳು (ಕೋಡಿನ ನಡುವಿನ ವಿವರಣೆಗಳು) ಜರ್ಮನ್‌ನಲ್ಲಿ ಇದ್ದವು. ಅವನ್ನು ಇಂಗ್ಲಿಷಿಗೆ ತರುವುದೇ ಎಷ್ಟೋ ವರ್ಷ ಹೊಸಬರಿಗೆ ಕೊಡುತ್ತಿದ್ದ ಕೆಲಸ.

ಮೊದಲ ತಾಪತ್ರಯ ಕೋಡ್ ಇಳಿಸಿಕೊಳ್ಳುವುದು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ ಗಿಟ್, ಅದರಿಂದ ಪ್ರತಿ ಇಳಿಸುವುದು ಕ್ಲೋನ್. ಅದು ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿಂದಲೇ ಶುರು. ಇತಿಹಾಸ ಸಮೇತ ಇಳಿಸುವುದಾದರೆ ಜಿಬಿಗಟ್ಟಲೆ. ನಮ್ಮ ಕಡೆಯ ನೆಟ್‌ವರ್ಕಿನಲ್ಲಿ ಒಂದೇ ಉಸಿರಿಗೆ ಅಷ್ಟು ಇಳಿಯುವುದು ಅನುಮಾನ. ಅದಕ್ಕೆ 'ಡೆಪ್ತ್ 1' ಕೊಟ್ಟು ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಒಂದನ್ನೇ ತರಿಸಿಕೊಂಡೆ. ಆಮೇಲೆ ಸ್ವಲ್ಪ ಸ್ವಲ್ಪವೇ 'ಡೀಪನ್' ಮಾಡುತ್ತ ಹಳೆಯ ಇತಿಹಾಸ ಸೇರಿಸಿಕೊಂಡೆ. ಕಡಿದರೆ ಆ ಒಂದು ಕಂತು ಮಾತ್ರ ಹೋಗುತ್ತದೆ. ಅದಾದ ಮೇಲೆ ಬೂಸ್ಟ್, ಐಸಿಯು, ಹಾರ್ಫ್‌ಬಜ್‌ನಂಥ ಹೊರಗಿನ ಲೈಬ್ರರಿಗಳು. ಇವನ್ನು 'ಮೇಕ್ ಫೆಚ್' ಎಂಬ ಆಜ್ಞೆ ಒಂದೊಂದಾಗಿ ತಂದು ಟಾರ್‌ಬಾಲ್ ಫೋಲ್ಡರಿನಲ್ಲಿ ಇಡುತ್ತದೆ. ಬಿಲ್ಡ್ ಶುರು ಮಾಡುವ ಮುಂಚೆ ಇದನ್ನು ಬೇರೆಯಾಗಿಯೇ ಮುಗಿಸಿಕೊಳ್ಳಿ. ಕಂಪೈಲ್‌ಗೆ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಲು) ನೆಟ್ ಬೇಡ, ಡೌನ್‌ಲೋಡಿಗೆ ಸಿಪಿಯು ಬೇಡ.

ಉಬುಂಟು ಬಳಸುವವರಿಗೆ ಬೇಕಾದ ಕಂಪೈಲರ್, ಹೆಡರ್‌ಗಳೆಲ್ಲ (ಹಲವು ಕೋಡ್ ಫೈಲುಗಳು ಹಂಚಿಕೊಳ್ಳುವ ಫೈಲುಗಳು) 'ಬಿಲ್ಡ್ ಡೆಪ್' ಎಂಬ ಒಂದೇ ಆಜ್ಞೆಯಲ್ಲಿ ಬರುತ್ತವೆ, ಸೋರ್ಸ್ ರೆಪೊಸಿಟರಿ ಆನ್ ಮಾಡಿಕೊಂಡಿದ್ದರೆ. ಅಲ್ಲಿಗೆ ಆ ಮಾತು ಮುಗಿಯಿತು.

ಜಾಸ್ತಿ ತಲೆ ಓಡಿಸಬೇಕಾದದ್ದು ಆಟೋಜೆನ್ ಇನ್‌ಪುಟ್ ಎಂಬ ಪುಟ್ಟ ಫೈಲಿನಲ್ಲಿ. ಸಾಲಿಗೊಂದು ಆಯ್ಕೆ ಬರೆಯಬೇಕು. ನನ್ನ ಫೈಲಿನಲ್ಲಿ ಜಾವಾ ಬೇಡ, ಹೆಲ್ಪ್ ಪುಟಗಳು ಬೇಡ, ಡಿಕ್ಷನರಿಗಳು ಬೇಡ ಅಂತಿದೆ. ಪ್ಯಾರಲಲಿಸಂ, ಅಂದರೆ ಒಟ್ಟಿಗೆ ನಡೆಯುವ ಕೆಲಸ, 2. ಸುಮ್ನೆ ಬಿಟ್ಟರೆ ಅದು ಇರುವ ಕೋರ್‌ಗಳನ್ನೆಲ್ಲ ಎಣಿಸಿ ಅಷ್ಟೂ ಕೆಲಸ ಒಟ್ಟಿಗೆ ಹಚ್ಚುತ್ತದೆ. ಆಗ 8 ಜಿಬಿ ಯಾವ ಮೂಲೆಗೂ ಸಾಲುವುದಿಲ್ಲ. ಡೀಬಗ್ ಸಿಂಬಲ್‌ಗಳನ್ನು (ತಪ್ಪು ಹುಡುಕಲು ನೆರವಾಗುವ ಮಾಹಿತಿ) 'ಎಸ್‌ಸಿ' ಫೋಲ್ಡರಿಗೆ ಮಾತ್ರ ಕೇಳಿದ್ದೇನೆ, ನಾನು ಕೈಯಾಡಿಸುವುದು ಕ್ಯಾಲ್ಕ್‌ನಲ್ಲಿ ಮಾತ್ರ ತಾನೇ? ಎಲ್ಲದಕ್ಕೂ ಕೇಳಿದರೆ ಡಿಸ್ಕೂ ತುಂಬುತ್ತದೆ, ಲಿಂಕ್ ಮಾಡುವಾಗ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವಾಗ) ಮೆಮೊರಿಯೂ ಮುಗಿಯುತ್ತದೆ. ಲಿಂಕರ್ ಆಗಿ ಎಲ್‌ಎಲ್‌ಡಿ ಹಾಕಿದ ಮೇಲಂತೂ ಕ್ಯಾಲ್ಕ್ ಲೈಬ್ರರಿಯ ಲಿಂಕಿಂಗ್ ಹೊತ್ತಿಗೆ ಲ್ಯಾಪ್‌ಟಾಪ್ ಕಲ್ಲಾಗಿ ನಿಲ್ಲುವುದು ತಪ್ಪಿತು.

ಇಲ್ಲೊಂದು ವಿಷಯ ಹೇಳಲೇಬೇಕು. ಮೆಮೊರಿ ಮುಗಿದಾಗ ಪರದೆಯ ಮೇಲೆ 'ಮೆಮೊರಿ ಮುಗಿಯಿತು' ಅಂತ ಬರುವುದಿಲ್ಲ. ಕಂಪೈಲರನ್ನು ಯಾರೋ ಕೊಂದರು ಎನ್ನುವ ಅರ್ಥದ 'ಕಿಲ್ಡ್' ಎಂಬ ಒಂದು ಪದ ಬರುತ್ತದೆ, ಅದರ ಮುಂದೆ ಯಾವುದೋ ಸಿಪಿಪಿ ಫೈಲಿನ ಹೆಸರು. ನೋಡಿದವರು ಆ ಫೈಲಿನಲ್ಲೇ ತಪ್ಪಿದೆ ಅಂದುಕೊಂಡು ಅದನ್ನು ತೆರೆದು ಕೂರುತ್ತಾರೆ. ಆ ಫೈಲಿನಲ್ಲಿ ಏನೂ ಇರುವುದಿಲ್ಲ. 'ಡಿಮೆಸೇಜ್' ಕೊಟ್ಟು ಕರ್ನಲ್ ಏನು ಬರೆದಿದೆ ನೋಡಿ. ಔಟ್ ಆಫ್ ಮೆಮೊರಿ ಅಂತಿದ್ದರೆ ಬ್ರೌಸರ್ ಮುಚ್ಚಿ ಮತ್ತೆ 'ಮೇಕ್' (ಬಿಲ್ಡ್ ಮಾಡುವ ಆಜ್ಞೆ) ಕೊಡಿ. ಆಗಿದ್ದಷ್ಟು ಬಿಟ್ಟು ಮುಂದಿನದನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದಾಗಲೂ ಇದೇ ಮದ್ದು: ಬ್ಯಾಟರಿ ಇಳಿಯುವ ಮುಂಚೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಕರೆಂಟ್ ಬಂದ ಮೇಲೆ ಮತ್ತೆ ಮೇಕ್.

ನಾನು ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ಬಾಗಲಕೋಟೆಯ ಏಪ್ರಿಲ್ ಗೊತ್ತಲ್ವಾ, 40 ಡಿಗ್ರಿ ದಾಟಿರುತ್ತದೆ. ಮಧ್ಯಾಹ್ನ ಬಿಲ್ಡ್ ಹಚ್ಚಿದರೆ ಪ್ರೊಸೆಸರ್ ಕಾದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಗಂಟೆಯ ಕೆಲಸಕ್ಕೆ ಎರಡು ಗಂಟೆ. ಹಾಗಾಗಿ ದೊಡ್ಡ ಬಿಲ್ಡ್ ಎಲ್ಲ ರಾತ್ರಿ ಊಟ ಆದ ಮೇಲೆ, ಕೂಲರ್ ಎದುರಿಗೆ. "ರಾತ್ರಿಯೆಲ್ಲಾ ಗುಂಯ್ ಅಂತೈತಿ, ಏನ್ ಕುದಸಾಕತ್ತಿಯೋ ಅದರಾಗ?" ಅಂತ ಅವ್ವ ಬೈದದ್ದೂ ಉಂಟು. ಮೊದಲ ಪೂರ್ತಿ ಬಿಲ್ಡ್ ಒಂದು ರಾತ್ರಿಗೆ ಮುಗಿಯಲಿಲ್ಲ. ಮುಗಿದ ಮೇಲೆ 'ಇನ್‌ಸ್ಟ್‌ಡಿರ್' ಫೋಲ್ಡರಿನ ಒಳಗಿನಿಂದ ಸಾಫೀಸ್ (ಲಿಬ್ರೆಆಫೀಸನ್ನು ಶುರು ಮಾಡುವ ಫೈಲು) ಓಡಿಸಿದೆ, ಖಾಲಿ ಕ್ಯಾಲ್ಕ್ ಶೀಟು ತೆರೆಯಿತು. ಮಾಮಾರ ಖಣದ ಫೈಲನ್ನೇ ಅದರಲ್ಲಿ ತೆರೆದೆ. ಸಿಸ್ಟಮಿನಲ್ಲಿ ಮೊದಲೇ ಇದ್ದ ಲಿಬ್ರೆಆಫೀಸಿಗೂ ಇದಕ್ಕೂ ಜಗಳವಿಲ್ಲ, ಎರಡೂ ಬೇರೆ ಬೇರೆ ಪ್ರೊಫೈಲ್ ಇಟ್ಟುಕೊಳ್ಳುತ್ತವೆ.

ಇನ್ನು ಬಿಲ್ಡ್ ಉಳಿಸಿಕೊಳ್ಳುವ ಮಾತು. ದಿನಾ ಬೆಳಿಗ್ಗೆ ಎದ್ದು ಗಿಟ್ ಪುಲ್ ಮಾಡುವ (ಹೊಸ ಕೋಡ್ ತರಿಸಿಕೊಳ್ಳುವ) ಚಾಳಿ ಇದ್ದರೆ ಬಿಡಬೇಕು. ಜಗತ್ತಿನ ಎಲ್ಲ ಕಡೆಯಿಂದ ಇದಕ್ಕೆ ದಿನವೂ ಕಮಿಟ್ ಬರುತ್ತಿರುತ್ತವೆ. ಯಾರೋ 'ಸಾಲ್' ಅಥವಾ 'ವಿಸಿಎಲ್' ಫೋಲ್ಡರಿನ ಒಂದು ಹೆಡರ್ ಮುಟ್ಟಿದರೆ ಸಾಕು, ಅದನ್ನು ನೆಚ್ಚಿಕೊಂಡ ಸಾವಿರಾರು ಫೈಲುಗಳು ಮತ್ತೆ ಕಂಪೈಲ್ ಆಗಬೇಕು. ದೊಡ್ಡ ಕಂಪನಿಗಳ ಯಂತ್ರಕ್ಕೆ ಅದು ಚಹಾ ಕುಡಿದು ಬರುವಷ್ಟು ಹೊತ್ತು. ನಮಗೆ ಮತ್ತೊಂದು ರಾತ್ರಿ. ನಾನು ಪುಲ್ ಮಾಡುವುದು ಶನಿವಾರ ರಾತ್ರಿ ಮಾತ್ರ. ವಾರವಿಡೀ ಅದರ ಮೇಲೆಯೇ ಕೆಲಸ. ಸಿಕ್ಯಾಷ್ ಎಂಬ ಸಾಧನ ಇದ್ದರೆ ಒಮ್ಮೆ ಕಂಪೈಲ್ ಆದದ್ದು ಬದಲಾಗದಿದ್ದಾಗ ಹಳೆಯದನ್ನೇ ಎತ್ತಿ ಕೊಡುತ್ತದೆ. ಆದರೆ ಅದರ ಮಿತಿ ಶುರುವಿಗೆ 5 ಜಿಬಿ, ಈ ಪ್ರಾಜೆಕ್ಟಿಗೆ ಅದು ಏನೇನೂ ಸಾಲದು. 20ಕ್ಕೆ ಏರಿಸಿದ್ದೇನೆ. ಬ್ರಾಂಚ್ (ಕೋಡಿನ ಕವಲು) ಬದಲಿಸಿ ವಾಪಸ್ ಬರುವಾಗ ಅದರ ಬೆಲೆ ಗೊತ್ತಾಗುತ್ತದೆ. ಒಂದು ಫೈಲ್ ತಿದ್ದಿದಾಗ ಪೂರ್ತಿ ಮೇಕ್ ಬೇಡ, 'ಎಸ್‌ಸಿ ಡಾಟ್ ಬಿಲ್ಡ್' ಅಂತ ಆ ಮಾಡ್ಯೂಲ್ ಒಂದನ್ನೇ ಕಟ್ಟಿದರೆ ಸಾಕು.

ಮೊದಲ ಪ್ಯಾಚಿಗೆ ಏನು ಹಿಡಿಯಬೇಕು? "ಕನ್ನಡದವನಲ್ಲವೇ ನೀನು, ಅನುವಾದ ಮಾಡು" ಅಂತ ಎಲ್ಲರೂ ಹೇಳುತ್ತಾರೆ. ಅದು ಬೇಕಾದ ಕೆಲಸವೇ, ಆದರೆ ಅದಕ್ಕೆ ಬಿಲ್ಡ್ ಬೇಕಿಲ್ಲ, ವೆಬ್ಲೇಟ್ ಎಂಬ ಅನುವಾದ ತಾಣದಲ್ಲಿ ಬ್ರೌಸರಿನಿಂದಲೇ ಮಾಡಬಹುದು. ಬಿಲ್ಡ್ ಮಾಡಿಕೊಂಡವರು ಬಗ್‌ಜಿಲ್ಲಾದಲ್ಲಿ 'ಈಸಿಹ್ಯಾಕ್' ಎಂಬ ಗುರುತಿನ ಕೆಲಸಗಳನ್ನು ನೋಡಬೇಕು. ನಾನು ಹಿಡಿದದ್ದು ಅವುಗಳಲ್ಲಿ ತೀರಾ ಸಪ್ಪೆಯಾದದ್ದು: ಅರೇಯಲ್ಲಿ ಎಷ್ಟು ಅಂಶ ಇವೆ ಅಂತ ಎಣಿಸುವ 'ಸಾಲ್ ಎನ್ ಎಲಿಮೆಂಟ್ಸ್' ಎಂಬ ಹಳೆಯ ಮ್ಯಾಕ್ರೋ ತೆಗೆದು, ಸಿ++ ಭಾಷೆಯ ಸಿ++17 ಆವೃತ್ತಿಯಲ್ಲಿ ಬಂದ 'ಎಸ್‌ಟಿಡಿ ಸೈಜ್' ಹಾಕುವುದು. ಸಪ್ಪೆ ಕೆಲಸವೇ ಒಳ್ಳೆಯದು. ಕೋಡಿನ ಬಗ್ಗೆ ತಲೆಬಿಸಿ ಇಲ್ಲದಿದ್ದರೆ ಪ್ಯಾಚ್ ಕಳಿಸುವ ದಾರಿಯನ್ನು ಕಲಿಯಬಹುದು.

ಆ ದಾರಿ ಪ್ಯಾಚ್‌ಗಳನ್ನು ಪರಿಶೀಲಿಸುವ (ರಿವ್ಯೂ) ಗೆರಿಟ್ ಎಂಬ ತಾಣದ ಮೂಲಕ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿ ಅಭ್ಯಾಸ ಇದ್ದವರಿಗೆ ಇಲ್ಲಿ ಒಂದೇ ಒಂದು ವಿಷಯ ತಲೆಗೆ ಹೋಗಬೇಕು. ರಿವ್ಯೂ ಮಾಡಿದವರು ತಿದ್ದಲು ಹೇಳಿದರೆ ಇನ್ನೊಂದು ಕಮಿಟ್ ಸೇರಿಸುವುದಲ್ಲ, ಅದೇ ಕಮಿಟನ್ನು 'ಅಮೆಂಡ್' ಮಾಡಬೇಕು. ಕಮಿಟ್ ಸಂದೇಶದ ಕೆಳಗೆ ಚೇಂಜ್ ಐಡಿ ಅಂತ ಒಂದು ಉದ್ದನೆಯ ಸಾಲು ಇರುತ್ತದೆ. ಅದನ್ನು ಮುಟ್ಟದೆ ಮತ್ತೆ ಕಳಿಸಿದರೆ ಗೆರಿಟ್ ಅದನ್ನು ಅದೇ ಪ್ಯಾಚಿನ ಎರಡನೇ ರೂಪ ಅಂತ ಗುರುತಿಸುತ್ತದೆ. ನನಗೆ ಬಂದ ಮೊದಲ ಟಿಪ್ಪಣಿ: ಮ್ಯಾಕ್ರೋ ತೆಗೆದ ಮೇಲೆ ಆ ಮ್ಯಾಕ್ರೋಗಾಗಿ ಸೇರಿಸಿದ್ದ ಹೆಡರ್ ಇನ್ನೂ ಯಾಕೆ? ತೆಗೆದೆ, ಅಮೆಂಡ್ ಮಾಡಿ ಕಳಿಸಿದೆ. ರಿವ್ಯೂ ಮಾಡುವವರು ಜಾಸ್ತಿ ಯುರೋಪಿನವರು. ಚಳಿಗಾಲದಲ್ಲಿ ಜರ್ಮನಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನಾವು ಆಫೀಸಿನಿಂದ ಬಂದು ಕೂರುವ ಹೊತ್ತಿಗೆ ಅವರ ಮಧ್ಯಾಹ್ನ, ಉತ್ತರ ಅಂದೇ ಸಿಗುತ್ತದೆ.

ಪ್ಯಾಚ್ ಹೋದ ಕೂಡಲೇ ಜೆಂಕಿನ್ಸ್ ಎಂಬ, ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆ ಅದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಕಟ್ಟಿ ನೋಡುತ್ತದೆ. ನನ್ನಲ್ಲಿ ಜಿಸಿಸಿ ಎಂಬ ಕಂಪೈಲರಿನಲ್ಲಿ ಸಲೀಸಾಗಿ ಆದದ್ದು ಅಲ್ಲಿ ಕ್ಲಾಂಗ್ ಎಂಬ ಇನ್ನೊಂದು ಕಂಪೈಲರಿನ ಬಿಲ್ಡ್‌ನಲ್ಲಿ ಕೆಂಪಾಗುವುದುಂಟು (ಫೇಲ್ ಆಗುವುದುಂಟು). ಕಾರಣ, ಈ ಪ್ರಾಜೆಕ್ಟಿನವರು ತಮ್ಮದೇ ಕಂಪೈಲರ್ ಪ್ಲಗಿನ್‌ಗಳನ್ನು ಬರೆದಿಟ್ಟಿದ್ದಾರೆ, ಅವು ಕ್ಲಾಂಗ್ ಜೊತೆ ಮಾತ್ರ ಓಡುತ್ತವೆ. ಮನೆಯ ರೀತಿ ರಿವಾಜು ಮುರಿದರೆ ಅವು ವಾರ್ನಿಂಗ್ ಕೊಟ್ಟು ಬಿಡುವುದಿಲ್ಲ, ಎರರ್ ಅಂತಲೇ ನಿಲ್ಲಿಸುತ್ತವೆ. ಎರಡು ಕಂಪೈಲರ್‌ಗಳ ಬಿಲ್ಡ್ ಇಟ್ಟುಕೊಳ್ಳಲು ನನ್ನ ಡಿಸ್ಕಿನಲ್ಲಿ ಜಾಗವಿಲ್ಲ. ಆ ಒಂದು ಪರೀಕ್ಷೆಯನ್ನು ಜೆಂಕಿನ್ಸ್‌ಗೇ ಬಿಟ್ಟಿದ್ದೇನೆ.

ಕೋಡ್ ಸೇರಿಸಿಕೊಳ್ಳುವ ಮುಂಚೆ ಒಂದು ಲೈಸೆನ್ಸ್ ಹೇಳಿಕೆ ಕಳಿಸಬೇಕು. ನನ್ನ ಹಿಂದಿನ, ಮುಂದಿನ ಎಲ್ಲ ಕೊಡುಗೆಗಳನ್ನು ಎಂಪಿಎಲ್ 2 ಮತ್ತು ಎಲ್‌ಜಿಪಿಎಲ್ 3 ಎಂಬ ಮುಕ್ತ ಲೈಸೆನ್ಸ್‌ಗಳ ಅಡಿಯಲ್ಲಿ ಬಳಸಬಹುದು ಅಂತ ಒಂದು ಸಾಲಿನ ಮೇಲ್, ಒಂದೇ ಸಲ. ಹಕ್ಕು ಬರೆದುಕೊಡುವುದೇನಿಲ್ಲ, ನಮ್ಮ ಕೋಡ್ ನಮ್ಮದಾಗಿಯೇ ಉಳಿಯುತ್ತದೆ. ನೌಕರಿಯಲ್ಲಿ ಇದ್ದವರು ತಮ್ಮ ಕಂಪನಿಯ ಷರತ್ತು ಏನಿದೆ ಅಂತ ಒಮ್ಮೆ ಓದಿಕೊಳ್ಳಲಿ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಅದರ ನಂತರದ ಕೆಲಸ, ಯುನಿಟ್ ಟೆಸ್ಟ್ ಬರೆಯುವುದು, ಅಂದರೆ ಕೋಡಿನ ಒಂದು ತುಣುಕು ಸರಿಯಿದೆಯಾ ಅಂತ ತಾನಾಗಿ ನೋಡುವ ಪುಟ್ಟ ಕೋಡ್. ಸರಿಪಡಿಸಿದ ಬಗ್ ಮುಂದೆ ಯಾವತ್ತಾದರೂ ಮತ್ತೆ ಕೆಡಬಾರದು ಅಂತ ಪ್ರತಿಯೊಂದಕ್ಕೂ ಒಂದು ಟೆಸ್ಟ್ ಬೇಕು, ಎಷ್ಟೋ ಬಗ್‌ಗಳಿಗೆ ಅದು ಇನ್ನೂ ಇಲ್ಲ. ಮಾಮಾ ಹೇಳಿದ್ದ ಆ ಫಿಲ್ಟರ್ ಬಗ್ಗಿಗೂ ಇರಲಿಲ್ಲ. ಅದನ್ನೇ ಹಿಡಿದೆ. ಮೊದಲು ಪುಟ್ಟ ಒಡಿಎಸ್ ಫೈಲ್ ಮಾಡಿಕೊಂಡೆ. ಒಂದು ಕಾಲಮಿನಲ್ಲಿ ಖಣ, ಸೀರೆ, ಖಣ, ಸೀರೆ, ಸೀರೆ ಅಂತ ತುಂಬಿ, ಖಣಕ್ಕೆ ಫಿಲ್ಟರ್ ಹಾಕಿದೆ. ಆಮೇಲೆ, ನೋಡುವವರಿಗೆ ಗೊಂದಲ ಬೇಡ ಅಂತ ಅವನ್ನು ಬರೀ ಎ, ಬಿ ಮಾಡಿದೆ. ಟೆಸ್ಟ್ ಮಾಡುವುದಿಷ್ಟೇ: ಫೈಲ್ ತೆರೆಯುತ್ತದೆ, ಆರಿಸುತ್ತದೆ, ಕಾಪಿ ಮಾಡುತ್ತದೆ, ಬೇರೆ ಕಡೆ ಪೇಸ್ಟ್ ಮಾಡಿ ಎಷ್ಟು ಸಾಲು ಬಂದವು ಅಂತ ಎಣಿಸುತ್ತದೆ. ಎರಡು ಬರಬೇಕು.

ಎರಡೇ ಬಂದವು, ಟೆಸ್ಟ್ ಪಾಸ್. ಆದರೆ ಪಾಸ್ ಆದ ಟೆಸ್ಟಿಗೆ ಇಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ಆ ಹಳೆಯ ಫಿಕ್ಸನ್ನು (ಬಗ್ ಸರಿ ಮಾಡಿದ ಕೋಡನ್ನು) ನಮ್ಮ ಪ್ರತಿಯಿಂದ ಕಿತ್ತು, ಮತ್ತೆ ಬಿಲ್ಡ್ ಮಾಡಿ, ಅದೇ ಟೆಸ್ಟ್ ಬೀಳುತ್ತದೆ (ಫೇಲ್ ಆಗುತ್ತದೆ) ಅಂತ ತೋರಿಸಬೇಕು. ಕಿತ್ತು ಓಡಿಸಿದೆ. 'ಎಕ್ಸ್‌ಪೆಕ್ಟೆಡ್ 2, ಆಕ್ಚುವಲ್ 5' ಅಂತ ಬಂತು. ಗುಳೇದಗುಡ್ಡದ ಅಂಗಡಿಯಲ್ಲಿ ಆಗುತ್ತಿದ್ದದ್ದು ಇದೇ. ಫಿಕ್ಸ್ ಇಲ್ಲದಿದ್ದರೆ ಈ ಟೆಸ್ಟ್ ಹೀಗೆ ಬೀಳುತ್ತಿತ್ತು ಅಂತ ಆ ಎರಡು ಸಂಖ್ಯೆಗಳನ್ನು ಕಾಮೆಂಟಿನಲ್ಲಿ ಹಾಗೇ ಬರೆಯುವುದು ಅಲ್ಲಿನ ಪದ್ಧತಿ. ಆ ಪ್ಯಾಚಿಗೆ ಬಂದ ಟಿಪ್ಪಣಿಗಳು ಕಡಿಮೆ, ಬೇಗ ಸೇರಿಯೂ ಹೋಯಿತು. ಸಣ್ಣ ಯಂತ್ರದವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ, ಟೆಸ್ಟ್ ಬರೆಯಿರಿ ಅಂತ. ಒಂದೇ ಮಾಡ್ಯೂಲ್ ಕಟ್ಟಿದರೆ ಸಾಕು, ಒಂದೇ ಟೆಸ್ಟ್ ಓಡಿಸಿದರೆ ಸಾಕು. ಬೇರೆಯವರ ಫಿಕ್ಸ್ ಓದದೆ ಟೆಸ್ಟ್ ಬರೆಯಲು ಆಗುವುದಿಲ್ಲವಾದ್ದರಿಂದ ಕೋಡ್ ಓದುವ ರೂಢಿಯೂ ಆಗುತ್ತದೆ.

ಮಾಮಾಗೆ ಹೇಳಿದಾಗ, "ಹಂಗಾರ ಇನ್ನ ಮ್ಯಾಲ ಕೆಡಂಗಿಲ್ಲ?" ಅಂದರು. ಕೆಟ್ಟರೆ ಬಿಡುಗಡೆಗೆ ಮುಂಚೆಯೇ ಗೊತ್ತಾಗುತ್ತದೆ ಅಂದೆ. ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ ದೊಡ್ಡ ಆವೃತ್ತಿ ಬರುತ್ತದೆ. 2024ರಿಂದ ಆವೃತ್ತಿಯ ಹೆಸರೇ ವರ್ಷ, ತಿಂಗಳು: 24.2, 24.8 ಹೀಗೆ. ಬಿಲ್ಡ್ ಮಾಡಲು ಸಾಧ್ಯವೇ ಇಲ್ಲದವರು ದಿನದ ಬಿಲ್ಡ್ ಇಳಿಸಿಕೊಂಡು ಹಳೆಯ ಬಗ್‌ಗಳು ಇನ್ನೂ ಇವೆಯಾ ಅಂತ ನೋಡಿ ಬರೆದರೂ ಅದು ಕೆಲಸಕ್ಕೆ ಬರುತ್ತದೆ.

ನವನಗರ, ವಿದ್ಯಾಗಿರಿ ಕಡೆಯ ಒಂದಿಬ್ಬರು ಹುಡುಗರು ಈಗ ಶುರು ಮಾಡಿದ್ದಾರೆ. ಅವರಿಗೆ ಡೌನ್‌ಲೋಡಿನ ಕಾಟ ಬೇಡ ಅಂತ ಪೂರ್ತಿ ರೆಪೊಸಿಟರಿ (ಕೋಡಿನ ಭಂಡಾರ), ಟಾರ್‌ಬಾಲ್ ಫೋಲ್ಡರ್ ಎರಡನ್ನೂ ಒಂದು ಹಾರ್ಡ್‌ಡಿಸ್ಕಿಗೆ ಹಾಕಿಟ್ಟಿದ್ದೇನೆ. ಡಿಸ್ಕಿನಿಂದ ಕ್ಲೋನ್ ಮಾಡಿಕೊಂಡು ರಿಮೋಟ್ ವಿಳಾಸ ಬದಲಿಸಿ, ಆಟೋಜೆನ್ ಫೈಲಿನಲ್ಲಿ ಟಾರ್‌ಬಾಲ್ ಎಲ್ಲಿದೆ ಅಂತ ಒಂದು ಸಾಲು ಬರೆದರೆ ಆಯಿತು. ಬರುವವರು ತಮ್ಮ ಲ್ಯಾಪ್‌ಟಾಪಿನಲ್ಲಿ 60 ಜಿಬಿಯಾದರೂ ಖಾಲಿ ಮಾಡಿಕೊಂಡು ಬರಬೇಕು, ಚಾರ್ಜರ್ ಮರೆಯಬಾರದು.