ನಿಮ್ಮ ಆಟದ ಲೋಕದಲ್ಲಿ ದೇವರಿದ್ದಾನಾ? ಮೊದಲೇ ಚೀಟಿ ಬರೆದಿಡಿ

ಬಾಗಲಕೋಟೆ ನವನಗರದ ನಮ್ಮ ಮಾಳಿಗೆ ಮೇಲೆ ಭಾನುವಾರ ಸಂಜೆ ನಾಲ್ಕೈದು ಮಂದಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಲ್ಲೇ ಕಥೆ ಕಟ್ಟುತ್ತಾ ದಾಳ ಹಾಕಿ ಆಡೋ ಆಟ. ಕಥೆ ನಡೆಸೋನು ನಾನು, ದೇವರ ಬಾಯಾಗಿ ಉತ್ತರ ಕೊಡೋನೂ ನಾನೇ. ಒಂದು ಸಲ ನಮ್ಮ ಕ್ಲೆರಿಕ್, ಅಂದರೆ ಆಟದೊಳಗಿನ ಪೂಜಾರಿ, 'ಕಮ್ಯೂನ್' ಮಂತ್ರ ಹಾಕಿದ. ಅದರಲ್ಲಿ ದೇವರಿಗೆ ಹೌದು-ಅಲ್ಲ ಅನ್ನೋ ಥರದ ಮೂರು ಪ್ರಶ್ನೆ ಕೇಳಬಹುದು. ಅವನ ಮೊದಲ ಪ್ರಶ್ನೆಯೇ "ನೀನು ನಿಜವಾಗಿ ದೇವರಾ?" ಬಾಯಲ್ಲಿದ್ದ ಗಿರ್ಮಿಟ್ ನುಂಗೋದೂ ಮರೆತು ಕೂತುಬಿಟ್ಟೆ.

ಆ ಪಾಡು ನಿಮಗೆ ಬೇಡ ಅಂದರೆ ಆಟ ಶುರುವಾಗೋ ಮೊದಲೇ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಟಗಾರರಿಗೆ ತೋರಿಸಬೇಡಿ.

ಕ್ಲೆರಿಕ್ ಕೈ ಇಟ್ಟರೆ ಗಾಯ ಮಾಯುತ್ತದೆ, ಹಾಗಾದರೆ ದೇವರಿದ್ದಾನೆ ಅಂತ ಯಾರಾದರೂ ವಾದ ಹೂಡೇ ಹೂಡುತ್ತಾರೆ. ಅದೇ ಗಾಯವನ್ನು ಹಾಡು ಹೇಳೋ ಬಾರ್ಡ್ ಕೂಡ ಮಾಯಿಸುತ್ತಾನಲ್ಲ, ಯಾವ ದೇವರಿಗೂ ಕೈ ಮುಗಿಯದೆ? ಮಂತ್ರ ಫಲಿಸಿತು ಅನ್ನೋದು ಸಾಕ್ಷಿ ಅಲ್ಲ.

ಈ ಆಟಕ್ಕೆ ಅಂತಲೇ ಪುಸ್ತಕಗಳಲ್ಲಿ ಈಗಾಗಲೇ ಕಟ್ಟಿಕೊಟ್ಟಿರೋ ಲೋಕಗಳನ್ನು ನೋಡಿ. ಫಾರ್ಗಾಟನ್ ರೆಲ್ಮ್ಸ್‌ನಲ್ಲಿ ದೇವರುಗಳು ನೆಲದ ಮೇಲೆ ಓಡಾಡಿದ್ದಾರೆ, ಕೆಲವರು ಸತ್ತೂ ಇದ್ದಾರೆ, ಅಲ್ಲಿ ನಾಸ್ತಿಕ ಆಗೋದು ಬರೀ ಹಟ. 1991ರ ಡಾರ್ಕ್ ಸನ್‌ನಲ್ಲಿ ದೇವರೇ ಇಲ್ಲ, ಕ್ಲೆರಿಕ್‌ಗಳು ನೀರು, ಬೆಂಕಿ, ಗಾಳಿ, ಮಣ್ಣಿನಿಂದ ಶಕ್ತಿ ತಗೋತಾರೆ. ನನಗೆ ಇಷ್ಟ 2004ರಲ್ಲಿ ಬಂದ ಎಬೆರಾನ್. ದೇವರಿದ್ದಾನೋ ಇಲ್ಲವೋ ಅಲ್ಲಿ ಯಾರಿಗೂ ಖಾತ್ರಿ ಇಲ್ಲ. ಲಂಚಕೋರ ಪೂಜಾರಿಯ ಮಂತ್ರವೂ ನಡೆಯುತ್ತದೆ, ಯಾಕಂದ್ರೆ ಅಲ್ಲಿ ಕೆಲಸ ಮಾಡೋದು ನಂಬಿಕೆ.

ಚೀಟಿಯಲ್ಲಿ "ಇದ್ದಾನೆ", "ಇಲ್ಲ" ಅಂತ ಸುಮ್ನೆ ಒಂದು ಪದ ಬರೆದರೆ ಆಟಕ್ಕೆ ಏನೂ ದಕ್ಕೋದಿಲ್ಲ. ಊರಿನ ಒಂದು ಕಷ್ಟ ತಗೊಂಡು ಅದರ ಮೇಲೆ ಪ್ರಶ್ನೆ ಹಾಕಿ. ನಮ್ಮ ಕಡೆ ಮುಳುಗಡೆ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ, ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಮನೆಯವರು ಈ ನವನಗರಕ್ಕೆ ಬಂದದ್ದೇ ಹಾಗೆ. ನನ್ನ ಆಟದಲ್ಲೂ ಒಂದು ಊರು ಮುಳುಗುತ್ತದೆ. ದೇವಿಯ ಮೂರ್ತಿಯನ್ನು ಗಾಡಿಯಲ್ಲಿಟ್ಟು ಹೊಸ ಊರಿಗೆ ತರುತ್ತಾರೆ. ದೇವಿ ಮೂರ್ತಿ ಜೊತೆ ಬಂದಳಾ, ನೀರೊಳಗೇ ಉಳಿದಳಾ? ಜನರ ನಂಬಿಕೆಯೇ ದೇವಿ ಆಗಿದ್ದರೆ ಜನ ಇದ್ದಲ್ಲೇ ಇರುತ್ತಾಳೆ. ಆ ನೆಲದ ಶಕ್ತಿ ಆಗಿದ್ದರೆ ಹೊಸ ಗುಡಿ ಖಾಲಿ, ಅಲ್ಲಿ ಯಾರಿಗೋ ಮೈಮೇಲೆ ಬರ್ತಿರೋದು ಬೇರೇನೋ. ಇದನ್ನು ತೀರ್ಮಾನ ಮಾಡಿದರೆ ಆರು ವಾರದ ಕಥೆ ಸಿಕ್ಕ ಹಾಗೆ.

ಉತ್ತರ ಗೊತ್ತಿದ್ದರೂ ಬಾಯಿ ಬಿಡಬೇಡಿ. ಗುಡಿಯಲ್ಲಿ ಹೂ ಪ್ರಸಾದ ಕೇಳೋದು ನೋಡಿದ್ದೀರಲ್ವಾ? ಬಲಕ್ಕೆ ಬಿದ್ದರೆ ಆಯ್ತು ಅಂತ. ಬೀಳದೇ ಹೋದರೆ ಒಬ್ಬರು ದೇವಿಗೆ ಸಿಟ್ಟು ಅಂತಾರೆ, ಇನ್ನೊಬ್ಬರು ಹೂ ಹಸಿ ಇತ್ತು, ಅಂಟಿಕೊಂಡಿತು ಅಂತಾರೆ. ಆಟದಲ್ಲೂ ಪ್ರತಿ ಪವಾಡಕ್ಕೆ ಇಂಥ ಎರಡು ಕಾರಣ ಇಟ್ಟಿರಿ. ಕಮ್ಯೂನ್‌ಗೆ "ಸ್ಪಷ್ಟ ಇಲ್ಲ" ಅಂತ ಉತ್ತರ ಕೊಡೋಕೆ ನಿಯಮದಲ್ಲೇ ಅವಕಾಶ ಇದೆ, ಆದರೆ ಮೂರು ಪ್ರಶ್ನೆಗೂ ಅದನ್ನೇ ಹೇಳಿದರೆ ಆಟಗಾರ ದಾಳ ನಿಮ್ಮ ಮೇಲೇ ಎಸೆಯುತ್ತಾನೆ.

ಮುಂದಿನ ಭಾನುವಾರ ಚೀಟಿ ಜೇಬಲ್ಲಿಟ್ಟುಕೊಂಡು ಗಟ್ಟಿ ಕೂತೆ. ನಮ್ಮ ಕ್ಲೆರಿಕ್ ಪ್ರಶ್ನೆಯನ್ನೇ ಬದಲಿಸಿದ: "ನೀರೊಳಗೆ ಇರೋದು ಯಾರು?" ಇದಕ್ಕೆ ಹೌದು-ಅಲ್ಲ ನಡೆಯೋದಿಲ್ಲಪ್ಪಾ ಅಂತ ಹೇಳಿ ಆ ವಾರ ಬಚಾವಾದೆ.